ಕಾಯ್ದೆ ಮನೆಯೊಳಗೆ ಬಂದಾಗ: ವಿಮುಕ್ತ ಸಮುದಾಯಗಳ ಕುಟುಂಬಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕೊರಮ, ಕೊರಚ, ಲಂಬಾಣಿ, ದೊಂಬರ, ಹಂದಿಜೋಗಿ, ಬುಡಬುಡಿಕೆಯವರ ಮನೆಯ ಮಕ್ಕಳು ಈಗ ಕಾಲೇಜು ಮುಗಿಸಿ ಆಫೀಸು, ಆಸ್ಪತ್ರೆ, ಶಾಲೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಇವರಲ್ಲಿ ಅನೇಕರಿಗೆ ಒಂದಲ್ಲ ಒಂದು ದಿನ ಒಂದು ಪ್ರಶ್ನೆ ಏಳುತ್ತದೆ: ನಮ್ಮ ತಾತಂದಿರ ಕಾಲದ ಮಾತು ಬಂದರೆ ಮನೆಯಲ್ಲಿ ಎಲ್ಲರೂ ಯಾಕೆ ಸುಮ್ಮನಾಗಿಬಿಡುತ್ತಾರೆ? ನಾನು ಕೊರಮರ ಮನೆಯಲ್ಲಿ ಹುಟ್ಟಿದವಳು. ನಮ್ಮ ಹುಡುಗರು, ಅವರ ಗೆಳೆಯರು, ಮದುವೆಯಾಗಿ ನಮ್ಮ ಮನೆಗಳಿಗೆ ಬಂದವರು, ಕೆಲವು ಮೇಷ್ಟ್ರುಗಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬ್ರಿಟಿಷರ ಒಂದು ಕಾಯ್ದೆ ಕೆಲವು ಪಂಗಡಗಳನ್ನು ಹುಟ್ಟಿನಿಂದಲೇ "ಅಪರಾಧಿ ಬುಡಕಟ್ಟು" ಅಂತ ಕರೆಯಿತು; 1952ರಲ್ಲಿ ಅದು ರದ್ದಾದಾಗ ಆ ಹಣೆಪಟ್ಟಿಯಿಂದ ಬಿಡುಗಡೆಯಾದವರೇ ವಿಮುಕ್ತರು. ಕಾನೂನಿನ ಇತಿಹಾಸಕ್ಕಿಂತ ಮನೆಯೊಳಗಿನ ಮಾತೇ ಇಲ್ಲಿ ಜಾಸ್ತಿ. ಆ ಕಾನೂನು ಹಿಡಿದದ್ದು ಇಡೀ ಮನೆಯನ್ನು, ಅದಕ್ಕೆ.

"ಅಪರಾಧಿ ಬುಡಕಟ್ಟು" ಅಂತ ಯಾರನ್ನು ಕರೆದರು?

1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಒಂದು ಪಂಗಡದ ಹೆಸರು ಗೆಜೆಟ್‌ನಲ್ಲಿ ಬಂದರೆ ಮುಗಿಯಿತು. ಆ ಪಂಗಡದಲ್ಲಿ ಹುಟ್ಟಿದವರನ್ನು ಪೊಲೀಸರ ದಫ್ತರಿಗೆ ಸೇರಿಸಬಹುದಿತ್ತು. ಅವರು ಏನಾದರೂ ಕದ್ದಿದ್ದಾರೆ ಅಂತ ಕೋರ್ಟಿನಲ್ಲಿ ಸಾಬೀತಾಗಬೇಕಿರಲಿಲ್ಲ. ಹೆಸರು ಸೇರಿಸಿದ್ದು ತಪ್ಪು ಅಂತ ಕೋರ್ಟಿಗೆ ಹೋಗಲೂ ದಾರಿ ಇರಲಿಲ್ಲ. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಈ ಕಾಯ್ದೆ 1911ರ ತಿದ್ದುಪಡಿಯಿಂದ ಬ್ರಿಟಿಷ್ ಭಾರತಕ್ಕೆಲ್ಲ ಹರಡಿತು. 1924ರಲ್ಲಿ ಮತ್ತೊಮ್ಮೆ ಹೊಸದಾಗಿ ಬರೆದರು.

ಇದರ ಹಿಂದಿದ್ದ ತರ್ಕ ಹೀಗಿತ್ತು: ಈ ದೇಶದಲ್ಲಿ ಬಡಗಿಯ ಮಗ ಬಡಗಿಯಾಗುತ್ತಾನೆ, ನೇಕಾರನ ಮಗ ನೇಕಾರನಾಗುತ್ತಾನೆ, ಹಾಗಾಗಿ ಕಳ್ಳನ ಮಗ ಕಳ್ಳನೇ ಆಗಬೇಕು. ನಮ್ಮ ಜಾತಿ ಪದ್ಧತಿಯನ್ನೇ ಅವರು ಪುರಾವೆ ಮಾಡಿಕೊಂಡರು. ಊರಿನ ಮೇಲ್ಜಾತಿಯವರಿಗೆ ಈ ಮಾತು ಒಪ್ಪಿಗೆಯಾಯಿತು ಅನ್ನುವುದನ್ನೂ ಮರೆಯಬಾರದು. ಬ್ರಿಟಿಷರು ಹೋದ ಮೇಲೂ ಆ ನಂಬಿಕೆ ಇಲ್ಲೇ ಉಳಿದದ್ದು ಅದರಿಂದಲೇ.

ಕಳ್ಳತನ ಜಾಸ್ತಿ ಇತ್ತು, ಅದಕ್ಕೇ ಕಾಯ್ದೆ ತಂದರು ಅಲ್ವಾ?

ಹಸಿವಿದ್ದ ಕಡೆ ಕಳ್ಳತನ ಇತ್ತು. ಆ ಹಸಿವು ಎಲ್ಲಿಂದ ಬಂತು ಅಂತ ಕೇಳಬೇಕು. ಕೊರಮರು, ಕೊರಚರು ಕರಾವಳಿಯಿಂದ ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಯಲುಸೀಮೆಯ ಊರೂರಿಗೆ ತಂದು ದವಸಕ್ಕೆ ಬದಲಾಯಿಸುತ್ತಿದ್ದರು. ಲಂಬಾಣಿಗಳ ಎತ್ತಿನ ಸಾಲು ಸೈನ್ಯಗಳಿಗೇ ದವಸ ಒದಗಿಸುತ್ತಿತ್ತು. ಹಳ್ಳಿಯವರು ಇವರ ದಾರಿ ಕಾಯುತ್ತಿದ್ದರು. 19ನೇ ಶತಮಾನದ ನಡುವಿನಿಂದ ರೈಲು ಬಂತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ವ್ಯಾಪಾರ ಕೈತಪ್ಪಿತು. 1876ರಿಂದ 78ರ ವರೆಗಿನ ಬರದಲ್ಲಿ ದನಕರು ಸತ್ತವು. ಬುಟ್ಟಿ ಹೆಣೆಯಲು ಬಿದಿರು, ಈಚಲು ತರಲು ಹೋದರೆ 1878ರ ಅರಣ್ಯ ಕಾಯ್ದೆ ಅಡ್ಡ ಬಂತು. ಹೊಟ್ಟೆಪಾಡಿನ ದಾರಿಗಳನ್ನೆಲ್ಲ ಮುಚ್ಚಿ, ಆಮೇಲೆ "ಇವರಿಗೆ ಒಂದು ಕಸುಬಿಲ್ಲ, ಸುಮ್ನೆ ಅಲೆಯುತ್ತಾರೆ" ಅಂತ ಬರೆದರು.

ಮೈಸೂರು ಸಂಸ್ಥಾನದಲ್ಲಿ, ಬೆಂಗಳೂರಿನಲ್ಲಿ ಇದು ಇತ್ತಾ?

ಇತ್ತು. 1881ರಿಂದ ಬೆಂಗಳೂರು ಪೇಟೆ ಮಹಾರಾಜರ ಆಡಳಿತದಲ್ಲಿತ್ತು. ದಂಡು ಪ್ರದೇಶ 1947ರ ವರೆಗೂ ಬ್ರಿಟಿಷರ ಕೈಯಲ್ಲಿತ್ತು. ಮೈಸೂರು ಸಂಸ್ಥಾನ 1916ರಲ್ಲಿ ತನ್ನದೇ ಅಪರಾಧಿ ಬುಡಕಟ್ಟುಗಳ ರೆಗ್ಯುಲೇಷನ್ ಮಾಡಿತು. ಹಿಂದುಳಿದವರಿಗೆ ಕೆಲಸದಲ್ಲಿ ಪಾಲು ಕೊಡುವ ಮಾತನ್ನು ದೇಶದಲ್ಲೇ ಮೊದಲು ಆಡಿದವರ ಸಾಲಿನಲ್ಲಿ ನಿಲ್ಲುವ ಸಂಸ್ಥಾನ ಇದು. ಅದರ ಬಗ್ಗೆ ನಮಗೂ ಹೆಮ್ಮೆ ಇದೆ. ಆದರೆ ಅದೇ ಕಾಲದಲ್ಲಿ ಅದೇ ಸರ್ಕಾರ ಇದನ್ನೂ ಮಾಡಿತು.

ಬೆಂಗಳೂರಿನ ನಮ್ಮವರ ಮನೆಗಳೆಲ್ಲ ಒಂದೇ ಕಡೆಯಿಂದ ಬಂದಿಲ್ಲ. ಕೋಲಾರ, ತುಮಕೂರಿನವರು ಇದ್ದಾರೆ, ಅನಂತಪುರ, ಚಿತ್ತೂರಿನ ಕಡೆಯವರು ಇದ್ದಾರೆ, ಹುಬ್ಬಳ್ಳಿ, ವಿಜಯಪುರದವರೂ ಇದ್ದಾರೆ. ಹಾಗಾಗಿ ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದರ ತಾತ ಮದ್ರಾಸ್ ಸರ್ಕಾರದ ದಫ್ತರಿನಲ್ಲಿ, ಇನ್ನೊಂದರ ತಾತ ಮುಂಬೈ ಸರ್ಕಾರದ ದಫ್ತರಿನಲ್ಲಿ ಇದ್ದಿರಬಹುದು.

ಇದರಿಂದ ದಿನದ ಬದುಕು ಹೇಗೆ ಬದಲಾಯಿತು?

ಮೊದಲನೆಯದು ಹಾಜರಿ. ದಫ್ತರಿಗೆ ಸೇರಿದವರು ಪೊಲೀಸ್ ಠಾಣೆಗೋ ಊರ ಪಟೇಲನ ಮನೆಗೋ ಹೋಗಿ ಗೊತ್ತಾದ ಹೊತ್ತಿಗೆ ಹಾಜರಿ ಹಾಕಬೇಕು. ಬೆರಳಚ್ಚು ಕೊಡಬೇಕು. ಮನೆ ಬದಲಾಯಿಸಿದರೆ ಹೇಳಬೇಕು. ಬೇರೆ ಊರಿಗೆ ಹೋಗಬೇಕೆಂದರೆ ಚೀಟಿ ಬೇಕು. ಹಲವು ಕಡೆ ರಾತ್ರಿ ಹೊತ್ತು ಗುಡಿಸಲ ಮುಂದೆ ಬಂದು ಹೆಸರು ಕೂಗುತ್ತಿದ್ದರು, ಒಳಗಿಂದ ಗಂಡಸು ಓಗೊಡಬೇಕು.

ಇದನ್ನು ಒಂದು ಸಂಸಾರದ ಕಡೆಯಿಂದ ಯೋಚಿಸಿ ನೋಡಿ. ತಂಗಿಯ ಹೆರಿಗೆಗೆ ಹೋಗಬೇಕು, ಚೀಟಿ ಸಿಗಲಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಅಪ್ಪ ತೀರಿಕೊಂಡ, ಮಣ್ಣಿಗೆ ಹೋಗಿ ಬರುವಷ್ಟರಲ್ಲಿ ಎರಡು ಹಾಜರಿ ತಪ್ಪಿತು. ಸಂತೆಗೆ ಬುಟ್ಟಿ ಮಾರಲು ಹೋದವನು ಮಳೆಗೆ ಸಿಕ್ಕಿ ರಾತ್ರಿ ಅಲ್ಲೇ ಉಳಿದ. ಇವೆಲ್ಲ ಜೈಲಿಗೆ ಹೋಗುವ ತಪ್ಪುಗಳು. ಮತ್ತೆ ಮತ್ತೆ ತಪ್ಪಿದರೆ 3 ವರ್ಷದವರೆಗೂ ಶಿಕ್ಷೆ. 1924ರ ಕಾಯ್ದೆಯ ಪ್ರಕಾರ, ಪಟ್ಟಿ ಮಾಡಿದ ಕೆಲವು ಅಪರಾಧಗಳಲ್ಲಿ ಎರಡನೇ ಸಲ ಸಿಕ್ಕಿಬಿದ್ದರೆ ಕನಿಷ್ಠ 7 ವರ್ಷ, ಮೂರನೇ ಸಲ ಜೀವಾವಧಿ ಗಡೀಪಾರು. ಬೇರೆ ಜಾತಿಯವನು ಅದೇ ತಪ್ಪು ಮಾಡಿದರೆ ಇಷ್ಟು ಶಿಕ್ಷೆ ಇರಲಿಲ್ಲ.

ಅಲೆದು ಬದುಕುವ ಜನಕ್ಕೆ ನೆಂಟಸ್ತನವೇ ಆಸ್ತಿ. ಯಾವ ಊರಲ್ಲಿ ಯಾರಿದ್ದಾರೆ, ಬರ ಬಂದರೆ ಯಾರ ಹತ್ತಿರ ಹೋಗಬಹುದು ಅನ್ನುವುದರ ಮೇಲೆ ಬದುಕು ನಿಂತಿತ್ತು. ಓಡಾಟಕ್ಕೆ ಬೀಗ ಹಾಕಿದಾಗ ಆ ಆಸ್ತಿ ಹೋಯಿತು. ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ಮತ್ತೆ ನೋಡದ ಮನೆಗಳಿವೆ.

ಸೆಟ್ಲ್‌ಮೆಂಟ್ ಅಂದರೆ ಏನು? ಮಕ್ಕಳನ್ನು ನಿಜವಾಗಿಯೂ ಬೇರೆ ಮಾಡಿದರಾ?

ಸೆಟ್ಲ್‌ಮೆಂಟ್ ಅಂದರೆ ಇಡೀ ಸಂಸಾರಗಳನ್ನು ತಂದು ಕೂಡಿಹಾಕುವ ಜಾಗ. ನಮ್ಮ ರಾಜ್ಯದಲ್ಲಿ ಹುಬ್ಬಳ್ಳಿಯದು ಎಲ್ಲರಿಗೂ ಗೊತ್ತಿರುವುದು. ಅಲ್ಲಿಯ ಆ ಪ್ರದೇಶವನ್ನು ಜನ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಕರೆಯುತ್ತಾರೆ. ಒಳಗಿದ್ದವರನ್ನು ಹತ್ತಿ ಗಿರಣಿಯಂಥ ಕಡೆ ಕೆಲಸಕ್ಕೆ ಕಳಿಸುತ್ತಿದ್ದರು. ಆಂಧ್ರದ ಸ್ಟುವರ್ಟ್‌ಪುರಂನಲ್ಲಿ ಸಾಲ್ವೇಶನ್ ಆರ್ಮಿಯವರು ಎರುಕಲರ ಸೆಟ್ಲ್‌ಮೆಂಟ್ ನಡೆಸಿದರು. ಎರುಕಲರು ನಮ್ಮ ಕೊರಮ, ಕೊರಚರ ಒಡಹುಟ್ಟುಗಳೇ.

ಮಕ್ಕಳ ವಿಷಯ ನಿಜ. 1897ರ ತಿದ್ದುಪಡಿ 4ರಿಂದ 18 ವರ್ಷದ ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಿ ಸುಧಾರಣಾ ಕೇಂದ್ರಗಳಲ್ಲಿ ಇಡುವ ಅಧಿಕಾರ ಕೊಟ್ಟಿತು. ಕೆಟ್ಟತನ ರಕ್ತದಲ್ಲಿಲ್ಲ, ಅಪ್ಪ ಅಮ್ಮನ ಜೊತೆಯಲ್ಲಿದೆ ಅಂತ ಮಿಷನರಿಗಳು ವಾದಿಸಿದರು. ರಕ್ತದಲ್ಲಿದೆ ಅನ್ನುವುದಕ್ಕಿಂತ ಇದು ಒಳ್ಳೆಯ ಮಾತು ಅಂತ ಕಾಣುತ್ತದೆ. ತಾಯಂದಿರಿಗೆ ಇದು ಇನ್ನೂ ಕ್ರೂರವಾಗಿತ್ತು. ಮಗುವನ್ನು ಉಳಿಸಬೇಕೆಂದರೆ ನಿನ್ನಿಂದಲೇ ದೂರ ಇಡಬೇಕು ಅಂತ ತಾಯಿಗೆ ಹೇಳಿದ ಹಾಗಾಯಿತಲ್ಲ.

ಅಲ್ಲಿ ಅಕ್ಷರ ಕಲಿತವರು, ಕಸುಬು ಕಲಿತವರು ಇದ್ದಾರೆ. ಅದನ್ನು ಉಪಕಾರ ಅಂತ ನೆನೆಯುವ ಹಿರಿಯರೂ ಇದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಮಗುವಿಗೆ ಅಕ್ಷರ ಬೇಕಿತ್ತು. ಅದಕ್ಕೆ ತಂತಿ ಬೇಲಿ ಬೇಕಿರಲಿಲ್ಲ.

ಗಂಡ ಜೈಲಿಗೆ ಹೋದರೆ ಹೆಂಗಸರು ಏನು ಮಾಡುತ್ತಿದ್ದರು?

ಸಂಸಾರ ಹೆಂಗಸಿನ ತಲೆಯ ಮೇಲೆ ಬೀಳುತ್ತಿತ್ತು. ಬುಟ್ಟಿ, ಮೊರ ಹೆಣೆದು ಮಾರುವುದು, ಹಚ್ಚೆ ಹಾಕುವುದು, ಕಣಿ ಹೇಳುವುದು, ಹಂದಿ ಸಾಕುವುದು ಎಲ್ಲ ಅವಳದೇ. ನಮ್ಮ ಹಾಡು, ಆಟಗಳಲ್ಲಿ ಕಣಿ ಹೇಳುವ ಕೊರವಂಜಿ ಬಣ್ಣಬಣ್ಣವಾಗಿ ಬರುತ್ತಾಳೆ. ಅವಳ ಗಂಡ ಎಲ್ಲಿದ್ದ, ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಬಂದಿದ್ದಳು ಅಂತ ಆ ಹಾಡುಗಳು ಕೇಳುವುದಿಲ್ಲ.

ಗಂಡ ವರ್ಷಗಟ್ಟಲೆ ಬರದಿದ್ದರೆ ಕುಲದ ಹಿರಿಯರ ಒಪ್ಪಿಗೆಯಿಂದ ಬೇರೆ ಗಂಡಸಿನ ಜೊತೆ ಬದುಕುವುದಕ್ಕೆ ದಾರಿ ಇತ್ತು. ವಿಧವೆಯರಿಗೂ ಕೂಡಿಕೆ, ಅಂದರೆ ಮರುಮದುವೆ, ಇತ್ತು. ಆ ಕಾಲದ ಅಧಿಕಾರಿಗಳು ಇದನ್ನು ನೋಡಿ, ಈ ಹೆಂಗಸರಿಗೆ ನೀತಿ ಇಲ್ಲ ಅಂತ ಬರೆದಿಟ್ಟರು. ನನಗೆ ಅದು ದೊಡ್ಡ ಬುದ್ಧಿವಂತಿಕೆಯಾಗಿ ಕಾಣುತ್ತದೆ. ಹೆಂಗಸು, ಮಕ್ಕಳು ಬೀದಿಪಾಲಾಗದ ಹಾಗೆ ಕುಲವೇ ಮಾಡಿಕೊಂಡ ಏರ್ಪಾಡು ಅದು. ಈಗ ನಮ್ಮಲ್ಲೇ ಕೆಲವರು ಮರ್ಯಾದಸ್ಥರಾಗಬೇಕು ಅಂತ ಕೂಡಿಕೆಯನ್ನು ನಾಚಿಕೆಯ ವಿಷಯ ಮಾಡಿಕೊಂಡಿದ್ದಾರೆ. ಆ ದಾರಿ ಮುಚ್ಚಿದರೆ ನಷ್ಟ ನಮ್ಮ ಹೆಣ್ಣುಮಕ್ಕಳಿಗೇ.

ಚಿಕ್ಕ ವಯಸ್ಸಿನ ಮದುವೆಯ ಪ್ರಶ್ನೆಯೂ ಇಲ್ಲೇ ಬರುತ್ತದೆ. ಪೊಲೀಸರು ಯಾವಾಗ ಬೇಕಾದರೂ ಗುಡಿಸಲಿಗೆ ನುಗ್ಗಬಹುದಾದರೆ, ವಯಸ್ಸಿಗೆ ಬಂದ ಮಗಳನ್ನು ಬೇಗ ಒಂದು ಮನೆ ಸೇರಿಸಿಬಿಡೋಣ ಅಂತ ತಾಯಿಗೆ ಅನಿಸುತ್ತದೆ. ಆ ಭಯ ಹಳೆಯದಾದರೂ ಅಭ್ಯಾಸ ಉಳಿದುಕೊಂಡಿತು. ಹಾಗಂತ ಇವತ್ತು ಅದನ್ನು ಸಮರ್ಥಿಸುವ ಹಾಗಿಲ್ಲ. ಮಗಳನ್ನು ಓದಿಸಿ.

ನಮ್ಮಜ್ಜಿ ಹಳೆಯ ಕಾಲದ್ದು ಏನೂ ಹೇಳಲ್ಲ. ಯಾಕೆ?

ಹೇಳಿದರೆ ಅಪಾಯ ಅಂತ ಅವರು ಕಲಿತಿದ್ದಾರೆ. ನಮ್ಮಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ ಸೀರೆಗಳ ಅಡಿಗೆ ಒಂದು ಪ್ಲಾಸ್ಟಿಕ್ ಕವರ್ ಇತ್ತು. ತುಂಬಾ ರಸೀದಿಗಳು. ಮೂಗುಬೊಟ್ಟಿನದು, ಹಿತ್ತಾಳೆ ಕೊಳಗದ್ದು, ಟೇಬಲ್ ಫ್ಯಾನಿನದು, ನನ್ನ ಅಪ್ಪನ ಸೈಕಲ್ಲಿನದು. ಅಕ್ಷರ ಮಾಸಿ ಬರೀ ಹಳದಿ ಕಾಗದವಾಗಿದ್ದವೂ ಇದ್ದವು. ಅವರಿಗೆ ಓದಲು ಬರುತ್ತಿರಲಿಲ್ಲ. ಯಾವ ರಸೀದಿ ಯಾವ ಸಾಮಾನಿನದು ಅಂತ ಮಡಿಕೆ ನೋಡಿಯೇ ಹೇಳುತ್ತಿದ್ದರು. ಯಾರಾದರೂ ಬಂದು ಇದು ಎಲ್ಲಿಯದು ಅಂತ ಕೇಳಿದರೆ ತೋರಿಸಬೇಕಲ್ಲ, ಅದಕ್ಕೆ. ಪಕ್ಕದ ಬೀದಿಯಲ್ಲಿ ಕಳ್ಳತನವಾದ ಸುದ್ದಿ ಬಂದರೆ ಅವರು ಮೊದಲು ಮಾಡುತ್ತಿದ್ದ ಕೆಲಸ ಆ ಕವರ್ ಮೇಲಕ್ಕೆ ತೆಗೆದಿಡುವುದು.

ನಮ್ಮ ಎಷ್ಟೋ ಮನೆಗಳಲ್ಲಿ ಇಂಥದ್ದು ಒಂದಿಲ್ಲೊಂದು ಇದೆ. ಬಾಡಿಗೆ ಮನೆ ಕೇಳುವಾಗ ಜಾತಿ ಹೇಳದಿರುವುದು. ಶಾಲೆಯಲ್ಲಿ ಪೆನ್ಸಿಲ್ ಬಾಕ್ಸ್ ಕಳೆದರೆ ನೀನು ಹುಡುಕಲೂ ಹೋಗಬೇಡ ಅಂತ ಮಗುವಿಗೆ ಹೇಳಿಕೊಡುವುದು. ಹೊರಗಿನವರು ಇದನ್ನು ನೋಡಿ, ಇವರು ಮುಚ್ಚುಮರೆಯ ಜನ ಅನ್ನುತ್ತಾರೆ. ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ: ತರಗತಿಯಲ್ಲಿ ಏನಾದರೂ ಕಳೆದಾಗ ಮೊದಲು ಯಾರ ಬ್ಯಾಗು ತೆಗೆಸುತ್ತೀರಿ ಅಂತ ಒಮ್ಮೆ ಯೋಚಿಸಿ.

ಮನೆಮಾತು ಯಾಕೆ ಮಕ್ಕಳಿಗೆ ಬರುತ್ತಿಲ್ಲ?

ನಮ್ಮ ಕುಳು ಭಾಷೆಯನ್ನು ಪೊಲೀಸರು ಕಳ್ಳರ ಗುಟ್ಟಿನ ಮಾತು ಅಂತ ತಿಳಿದಿದ್ದರು. ಬಸ್ಸಿನಲ್ಲಿ, ಸಂತೆಯಲ್ಲಿ ಅದನ್ನು ಆಡಿದರೆ ಜನ ತಿರುಗಿ ನೋಡುತ್ತಾರೆ. ಅಪ್ಪ ಅಮ್ಮ ಮನೆಯೊಳಗೆ ಆಡಿಕೊಂಡು, ಮಕ್ಕಳ ಜೊತೆ ಕನ್ನಡಕ್ಕೆ ಬಂದರು. ಲಂಬಾಣಿ ಮಾತು ತಾಂಡಾಗಳಿಂದಾಗಿ ಗಟ್ಟಿಯಾಗಿ ಉಳಿದಿದೆ. ನಮಗೆ ತಾಂಡಾ ಇಲ್ಲ. ಅಜ್ಜಿಯಂದಿರು ಇರುವಾಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಸೊಸೆ ಆಂಧ್ರದವಳು. ಅವಳದು ಎಸ್‌ಟಿ, ನಮ್ಮದು ಎಸ್‌ಸಿ. ಇದು ಹೇಗೆ?

ಬೆಂಗಳೂರಿನಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆ ಬಹುಶಃ ಇದೇ. ಹಿಂದೂಪುರ, ಹೊಸೂರು ಎರಡೂ ಕೂಗಳತೆಯಲ್ಲಿವೆ, ಕೊಟ್ಟು ತರುವುದು ಮೊದಲಿಂದಲೂ ಇದೆ. ಆದರೆ ರಾಜ್ಯದ ಗಡಿ ಒಂದೇ ಕುಲವನ್ನು ಬೇರೆ ಬೇರೆ ಪಟ್ಟಿಗೆ ಹಾಕಿದೆ. ಕೊರಮ, ಕೊರಚರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಎರುಕಲರು ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಲಂಬಾಣಿಗಳು ಇಲ್ಲಿ ಪರಿಶಿಷ್ಟ ಜಾತಿ, ಆಂಧ್ರ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ. ಕರ್ನಾಟಕದ ಒಳಗೇ ಹಳೆಯ ಮೈಸೂರಿಗೂ ಮುಂಬೈ ಕರ್ನಾಟಕಕ್ಕೂ ಫರಕಿತ್ತು. 1976ರ ತಿದ್ದುಪಡಿ ಕಾಯ್ದೆಯಿಂದ ಅದು ಹೋಯಿತು.

ಒಂದು ರಾಜ್ಯದ ಪ್ರಮಾಣಪತ್ರದಿಂದ ಇನ್ನೊಂದು ರಾಜ್ಯದಲ್ಲಿ ಮೀಸಲಾತಿ ಕೇಳಲಾಗದು ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹಾಗಾಗಿ ಮದುವೆಯಾಗಿ ಇಲ್ಲಿಗೆ ಬಂದ ಹುಡುಗಿ ಕರ್ನಾಟಕದ ಸರ್ಕಾರಿ ಕೆಲಸಕ್ಕೆ ತನ್ನ ಆಂಧ್ರದ ಪತ್ರ ಬಳಸಲಾರಳು. ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಕಡೆಯ ದಾಖಲೆ ನೋಡಿ ನಾಡಕಚೇರಿಯಲ್ಲಿ ಪತ್ರ ಕೊಡುತ್ತಾರೆ. ಕಷ್ಟ ಬರುವುದು ತಂದೆಯ ಕಡೆಯ ಕಾಗದವೇ ಇಲ್ಲದಾಗ. ಊರೂರು ಅಲೆದವರಿಗೆ ಶಾಲೆಯ ದಾಖಲೆ ಎಲ್ಲಿಂದ ಬರಬೇಕು? ಪೊಲೀಸರ ದಫ್ತರಿನಲ್ಲಿ ಮೂರು ತಲೆಮಾರಿನ ಹೆಸರಿತ್ತು, ಸವಲತ್ತು ಕೇಳುವಾಗ ಮಾತ್ರ ಪುರಾವೆ ಇಲ್ಲ ಅಂತಾರೆ.

ಹಿಜ್ರಾ ಸಮುದಾಯಕ್ಕೂ ಈ ಕಾಯ್ದೆಗೂ ಸಂಬಂಧ ಇದೆಯಾ?

ನೇರ ಸಂಬಂಧ. 1871ರ ಕಾಯ್ದೆಯ ಎರಡನೇ ಭಾಗ ಇಡೀ ಅವರ ಮೇಲೆಯೇ. ದಫ್ತರಿಗೆ ಸೇರಿದವರು ಮಗುವಿಗೆ ಪೋಷಕರಾಗುವ ಹಾಗಿಲ್ಲ, ದತ್ತು ತೆಗೆದುಕೊಳ್ಳುವ ಹಾಗಿಲ್ಲ, ದಾನಪತ್ರ, ಉಯಿಲು ಬರೆಯುವ ಹಾಗಿಲ್ಲ. ಅಂದರೆ ಸಂಸಾರ ಅನ್ನಿಸಿಕೊಳ್ಳುವ ಎಲ್ಲ ಎಳೆಗಳನ್ನೂ ಕತ್ತರಿಸಿದರು. ಹೆತ್ತ ಮನೆ ಹೊರಗೆ ಹಾಕಿದವರು ಗುರು, ಚೇಲಾ ಅಂತ ತಾವೇ ಮನೆ ಕಟ್ಟಿಕೊಂಡಿದ್ದರು. ಆ ಮನೆಯ ಆಸ್ತಿಯನ್ನು ಚೇಲಾಳಿಗೆ ಬರೆದುಕೊಡಲು ಕಾನೂನು ಬಿಡಲಿಲ್ಲ.

ಆ ಭಾಗ ಜೋರಾಗಿ ನಡೆದದ್ದು ಉತ್ತರದಲ್ಲಿ. 1911ರಲ್ಲಿ ಅದನ್ನು ಕೈಬಿಟ್ಟರು. ಆದರೆ 2011ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಂ ಸೇರಿಸಿ ಇವರ ದಫ್ತರು ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟರು. ಸಮುದಾಯದವರು ಹೈಕೋರ್ಟಿಗೆ ಹೋಗಿ ಹೋರಾಡಿದ ಮೇಲೆ ಅದರಲ್ಲಿದ್ದ ಸಮುದಾಯದ ಹೆಸರನ್ನು ತೆಗೆದರು. 2021ರಲ್ಲಿ ಇದೇ ರಾಜ್ಯ ಸರ್ಕಾರಿ ಕೆಲಸಗಳಲ್ಲಿ ಅವರಿಗೆ ಶೇ. 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು.

ಕಾಯ್ದೆ ಹೋಗಿ ಎಷ್ಟೋ ವರ್ಷವಾಯಿತಲ್ಲ, ಇನ್ನೂ ಅದೇ ಮಾತು ಯಾಕೆ?

1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. ಆ ದಿನವನ್ನು ವಿಮುಕ್ತ ದಿನ ಅಂತ ಆಚರಿಸುತ್ತೇವೆ. ಅದರ ಜಾಗಕ್ಕೆ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ನಮ್ಮಲ್ಲಿ 1961ರದು. ಅದರಲ್ಲಿ ಜಾತಿಯ ಹೆಸರಿಲ್ಲ, ಆದರೆ ಯಾರನ್ನು ಹುಡುಕಿಕೊಂಡು ಹೋಗಬೇಕು ಅಂತ ಠಾಣೆಗೆ ಗೊತ್ತಿತ್ತು.

2024ರ ಎರಡು ತೀರ್ಪುಗಳನ್ನು ನಮ್ಮವರು ತಿಳಿದಿರಬೇಕು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ಮೇಲೆ ಪೊಲೀಸರು ತೆರೆಯುವ ಹಿಸ್ಟರಿ ಶೀಟಿನಲ್ಲಿ ಅವರ ಚಿಕ್ಕ ಮಕ್ಕಳ ವಿವರ ಬರೆಯುವ ಪದ್ಧತಿ ತಪ್ಪು ಅನ್ನುವ ನಿಲುವು ತೆಗೆದುಕೊಂಡಿತು, ಹಿಂದುಳಿದ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಸೇರಬಾರದು ಅಂತಲೂ ಹೇಳಿತು. ಅಕ್ಟೋಬರ್ 3ರಂದು ಜೈಲು ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ಹೊಡೆದುಹಾಕಿ, ವಿಮುಕ್ತ ಬುಡಕಟ್ಟುಗಳವರನ್ನು ಮನಬಂದಂತೆ ಬಂಧಿಸಬಾರದು ಅಂದಿತು.

ಸರ್ಕಾರ ಏನು ಮಾಡಿದೆ?

ಕೇಂದ್ರದಲ್ಲಿ ವಿಮುಕ್ತ, ಅಲೆಮಾರಿ ಸಮುದಾಯಗಳಿಗಾಗಿ ಮಾಡಿದ ರೇಣಕೆ ಆಯೋಗ 2008ರಲ್ಲಿ ವರದಿ ಕೊಟ್ಟಿತು, ಆಮೇಲೆ ಇದಾತೆ ಆಯೋಗ ಬಂತು. 2022ರಲ್ಲಿ 'ಸೀಡ್' ಅನ್ನುವ ಯೋಜನೆಗೆ 5 ವರ್ಷಕ್ಕೆ 200 ಕೋಟಿ ರೂಪಾಯಿ ಇಟ್ಟರು. ಇಡೀ ದೇಶಕ್ಕೆ ಇದು ತೀರಾ ಕಡಿಮೆ. ಇಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ. 1 ಒಳಮೀಸಲಾತಿ ಕೊಡಿ ಅಂದಿತ್ತು. 2025ರ ಆಗಸ್ಟ್‌ನಲ್ಲಿ ಸರ್ಕಾರ ಅವರನ್ನು ದೊಡ್ಡ ಗುಂಪಿನ ಜೊತೆ ಸೇರಿಸಿಬಿಟ್ಟಿತು. ಆಗ ಅಲೆಮಾರಿಗಳು ಫ್ರೀಡಂ ಪಾರ್ಕಿನಲ್ಲಿ ಹೋರಾಟಕ್ಕೆ ಕೂತರು. ಆ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿದ್ದ ಜಾಗ. ಕೊರಮ, ಕೊರಚರು ಆ 59ರಲ್ಲಿ ಇಲ್ಲ. ಆದರೂ ಅವರ ಬೇಡಿಕೆ ನ್ಯಾಯವಾದದ್ದು ಅಂತ ನಾನು ನಂಬುತ್ತೇನೆ. ಅವರ ಮನೆಗಳಲ್ಲಿ ಇನ್ನೂ ಮೊದಲ ತಲೆಮಾರಿನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಆಸ್ಟ್ರೇಲಿಯಾ ಮತ್ತು ಕೆನಡಾ, ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡದ್ದಕ್ಕೆ 2008ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿದವು. ನಮ್ಮಲ್ಲೂ ಆಗಬೇಕು.

ನಮ್ಮ ಮನೆಯ ಕಥೆ ಹುಡುಕುವುದು ಎಲ್ಲಿಂದ ಶುರು ಮಾಡಲಿ?

ಹಿರಿಯರಿಂದ. "ತಾತ ಜೈಲಿಗೆ ಹೋಗಿದ್ರಾ" ಅಂತ ಶುರು ಮಾಡಬೇಡಿ. ನಿಮ್ಮ ಮದುವೆ ಯಾವ ಊರಲ್ಲಾಯಿತು, ಯಾವ ಸಂತೆಗೆ ಹೋಗುತ್ತಿದ್ದಿರಿ, ತೆರ (ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ಹಣ) ಎಷ್ಟು ಕೊಟ್ಟರು, ನಿಮ್ಮ ಚೊಚ್ಚಲು ಎಲ್ಲಿ ಹುಟ್ಟಿತು ಅಂತ ಕೇಳಿ. ಊರುಗಳ ಹೆಸರು ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಅವರು ನಿಲ್ಲಿಸಿದರೆ ನೀವೂ ನಿಲ್ಲಿಸಿ.

ಆಮೇಲೆ ಕಾಗದಗಳು. ಮೈಸೂರು ಸಂಸ್ಥಾನದ ಕಡತಗಳು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ. ಹುಬ್ಬಳ್ಳಿ, ವಿಜಯಪುರದ ಕಡೆಯವರದು ಮುಂಬೈ ಸರ್ಕಾರದ ಕಡತ, ಅನಂತಪುರ, ಚಿತ್ತೂರಿನವರದು ಮದ್ರಾಸ್ ಸರ್ಕಾರದ್ದು. ಹೋಗುವಾಗ ಜಿಲ್ಲೆ, ಸುಮಾರು ಯಾವ ವರ್ಷ, ಪೊಲೀಸ್ ಇಲಾಖೆಯೋ ಜೈಲು ಇಲಾಖೆಯೋ ಅಂತ ಬರೆದುಕೊಂಡು ಹೋಗಿ.

ತಾತನ ಹೆಸರಿನ ಮುಂದೆ ಶಿಕ್ಷೆ ಅಂತ ಸಿಕ್ಕರೆ ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಯಾವ ಕಲಂ ಅಂತ ನೋಡಿ. 1924ರ ಕಾಯ್ದೆಯ 22ನೇ ಕಲಂ ಆಗಿದ್ದರೆ ಅದು ಕಾಯ್ದೆಯ ನಿಯಮ ಮುರಿದದ್ದಕ್ಕೆ ಆದ ಶಿಕ್ಷೆ: ಹಾಜರಿ ತಪ್ಪಿದ್ದು, ಹೇಳದೆ ಊರು ಬಿಟ್ಟಿದ್ದು, ಇಂಥವು. ಅದನ್ನು ಬರೆದುಕೊಂಡು ಬಂದು ಮನೆಯವರೆಲ್ಲ ಕೂತಾಗ ಓದಿ ಹೇಳಿ.